ಮುಳುಗಡೆ ಮೈದಾನ

ಹೊಸನಗರ ತಾಲ್ಲೂಕಿನ ಹೊಳೆಗದ್ದೆ ಎಂಬ ಊರಿನಲ್ಲಿ ಹೊಳೆಯೂ ಇರಲಿಲ್ಲ, ಗದ್ದೆಯೂ ಇರಲಿಲ್ಲ. ಎರಡೂ ಇದ್ದ ಹಳೆಯ ಹೊಳೆಗದ್ದೆ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತು ವರ್ಷವಾಗಿತ್ತು. ಗುಡ್ಡ ಹತ್ತಿ ಮನೆ ಕಟ್ಟಿಕೊಂಡ ಜನ ಊರಿನ ಹೆಸರನ್ನು ಮಾತ್ರ ಹೊತ್ತು ತಂದಿದ್ದರು. ಹೊಸ ಊರಿನಲ್ಲಿ ಮಟ್ಟಸವಾದ ಜಾಗವೆಂದರೆ ಮನೆಯಂಗಳಗಳಷ್ಟೇ. ಮಿಕ್ಕದ್ದೆಲ್ಲ ಒಂದೋ ಏರು, ಇಲ್ಲವೇ ಇಳಿಜಾರು. ಇಂಥ ಊರಿಗೇ ಕ್ರಿಕೆಟ್ಟಿನ ಹುಚ್ಚು ಹಿಡಿಯಬೇಕೆ!

ಹುಚ್ಚು ಹಿಡಿಸಿದವನು ಪುಟ್ಟಪ್ಪ. ಮೂವತ್ತು ದಾಟಿದ, ಮದುವೆಯಾದ, ಎರಡು ಎಮ್ಮೆ ಕಟ್ಟಿದ ಗೃಹಸ್ಥ. ಎಂಬತ್ತಮೂರರ ಜೂನ್ ತಿಂಗಳಲ್ಲಿ ಭಾರತ ವಿಶ್ವಕಪ್ ಗೆದ್ದದ್ದನ್ನು ರೇಡಿಯೋದಲ್ಲಿ ಕೇಳಿದ ಮೇಲೆ ಅವನು ಮೊದಲಿನ ಪುಟ್ಟಪ್ಪನಾಗಿ ಉಳಿಯಲಿಲ್ಲ. ಊರಿನ ಯುವಕ ಸಂಘಕ್ಕೆ ಅವನೇ ಅಧ್ಯಕ್ಷ, ತಂಡಕ್ಕೆ ಅವನೇ ನಾಯಕ, ಊರಿನಲ್ಲಿದ್ದ, ಅಂಗಡಿಯಿಂದ ಕೊಂಡ ಒಂದೇ ಒಂದು ಬ್ಯಾಟಿಗೆ ಅವನೇ ಒಡೆಯ. ಎಮ್ಮೆ ಮೇಯಿಸಲು ಹೋದರೂ ಜೇಬಿನಲ್ಲೊಂದು ಕಾರ್ಕ್ ಚೆಂಡು.

ಶಾಲೆಯ ಹಿಂದಿನ ಇಳಿಜಾರಿನಲ್ಲೇ ಅವರ ಆಟ. ಮರುವರ್ಷದ ಜನವರಿಯಲ್ಲಿ ಪುಟ್ಟಪ್ಪ ಧೈರ್ಯ ಮಾಡಿ ತೀರ್ಥಹಳ್ಳಿಯ ತಂಡವನ್ನು ಪಂದ್ಯಕ್ಕೆ ಕರೆದ. ಅಡಿಕೆ ಮಂಡಿಯವರ ಮಗ ಹರಿಹರ ಅವರ ನಾಯಕ. ಬಿಳೀ ಪ್ಯಾಂಟು, ಬಿಳೀ ಬೂಟು, ತಲೆಗೆ ಬಿಳೀ ಟೋಪಿ. ಅವನು ಮೊದಲನೇ ಚೆಂಡನ್ನೇ ಇಳಿಜಾರಿನ ಕಡೆಗೆ ತಟ್ಟಿದ. ಚೆಂಡು ಉರುಳಿತು, ಬೇಲಿ ನುಸುಳಿತು, ಕೆಳಗಿನ ಹಳ್ಳಕ್ಕೆ ಇಳಿಯಿತು. ಅದರ ಹಿಂದೆಯೇ ಶ್ಯಾಮ ಇಳಿದ. ಶ್ಯಾಮನೆಂದರೆ ಹೊಳೆಗದ್ದೆಯ ವೇಗದ ಬೌಲರ್. ಅವನು ಚೆಂಡು ಹುಡುಕಿಕೊಂಡು ಮೇಲೆ ಹತ್ತಿ ಬರುವವರೆಗೆ ಹರಿಹರನೂ ಅವನ ಜೊತೆಗಾರನೂ ಓಡುತ್ತಲೇ ಇದ್ದರು. ಸ್ಕೋರು ಬರೆಯುತ್ತಿದ್ದವನು ಎಣಿಕೆ ತಪ್ಪಿ ಪೆನ್ಸಿಲ್ ಕೆಳಗಿಟ್ಟ. ಕೊನೆಗೆ ಹರಿಹರನಿಗೇ ಏದುಸಿರು ಬಂದು ಪಿಚ್ಚಿನ ನಡುವೆ ಕೂತುಬಿಟ್ಟ.

"ಪುಟ್ಟಪ್ಪಗೌಡ್ರೆ, ಇದು ಗ್ರೌಂಡಲ್ಲ ಮಾರಾಯ್ರೆ, ಜಾರುಬಂಡಿ," ಎಂದ ಹೊರಡುವಾಗ. "ಮುಂದಿನ ಸಲ ಕರೆಯೋದಾದ್ರೆ ಒಂದು ಮಟ್ಟಸ ಜಾಗ ಮಾಡಿಟ್ಕಂಡು ಕರೀರಿ. ಇಲ್ದಿದ್ರೆ ನಮ್ಮ ಬದಲು ಆಡಿನ ಮಂದೆ ಕಳಿಸ್ತೀವಿ, ಅವು ಚೆನ್ನಾಗಿ ಆಡ್ತವೆ."

ತೀರ್ಥಹಳ್ಳಿಯವರು ಬಸ್ಸಿನ ಕಿಟಕಿಯಲ್ಲಿ ಕೂತು ನಕ್ಕದ್ದು ತಿರುವಿನ ಆಚೆಯವರೆಗೂ ಕೇಳಿಸಿತು. ಪುಟ್ಟಪ್ಪನಿಗೆ ಅವತ್ತು ಅನ್ನ ಸೇರಲಿಲ್ಲ.

ಮಾರನೇ ವಾರವೇ ಅವನು ಹೊಸನಗರಕ್ಕೆ ಹೋಗಿ ಬ್ಲಾಕ್ ಆಫೀಸಿನ ಗಣೇಶಮೂರ್ತಿಯವರನ್ನು ಹಿಡಿದ. ಗಣೇಶಮೂರ್ತಿ ಉತ್ಸಾಹದ ಮನುಷ್ಯ. ಹಳ್ಳಿಗೊಂದು ಆಟದ ಮೈದಾನ ಮಾಡಿಸುವ ಯೋಜನೆ ಬಂದಿದೆ, ಜಾಗ ತೋರಿಸುವವರಿಲ್ಲ ಎಂದು ಅವರೇ ಕೊರಗುತ್ತಿದ್ದರು. ಮೋಟರ್ ಸೈಕಲ್ಲಿನ ಹಿಂದೆ ಪುಟ್ಟಪ್ಪನನ್ನು ಕೂರಿಸಿಕೊಂಡು ಬಂದು ಊರೆಲ್ಲ ಸುತ್ತಿದರು. ಎಲ್ಲ ಕಡೆಯೂ ಇಳಿಜಾರೇ. ಕಡೆಗೆ ಊರಿನ ನೆತ್ತಿಯ ಮೇಲಿದ್ದ ಮೇಲುಕಾನಿಗೆ ಹತ್ತಿದರು. ಅಜ್ಜನ ಕಾಲದಿಂದ ಕೊಡಲಿ ಮುಟ್ಟಿಸದೆ ಬಿಟ್ಟ ದಟ್ಟ ಕಾಡು ಅದು. ಒಳಗೆ ನಡೆದರೆ ನೆಲ ಹಾಸಿಗೆಯ ಹಾಗೆ ಸಪಾಟು.

"ಇದೇ ನೋಡಿ! ಮರ ತೆಗೆಸಿದ್ರೆ ಜಿಲ್ಲೆಗೇ ಒಳ್ಳೇ ಗ್ರೌಂಡು," ಎಂದರು ಗಣೇಶಮೂರ್ತಿ.

ಪುಟ್ಟಪ್ಪನ ಕಣ್ಣಿಗೆ ಮರಗಳು ಕಾಣಲೇ ಇಲ್ಲ. ಅಲ್ಲಿ ಆಗಲೇ ಹರಿಹರನ ಸ್ಟಂಪು ಹಾರಿ ಬೀಳುತ್ತಿತ್ತು. "ಬರ್ಕಳಿ ಸಾರ್," ಅಂದುಬಿಟ್ಟ.

ಸುದ್ದಿ ಅವನಿಗಿಂತ ಮೊದಲೇ ಮನೆ ಮುಟ್ಟಿತ್ತು. ಮಧ್ಯಾಹ್ನ ಊಟಕ್ಕೆ ಕೂತರೆ ಅನ್ನ ಬಂತು, ಸಾರು ಬಂತು, ಮಜ್ಜಿಗೆಯೂ ಬಂತು. ಬರಬೇಕಾದ್ದು ಬರಲಿಲ್ಲ.

"ಉಪ್ಪಿನಕಾಯಿ?"

"ಇಲ್ಲ," ಎಂದಳು ಅವನ ಹೆಂಡತಿ ಶರಾವತಿ.

"ಭರಣಿ ತುಂಬ ಮಿಡಿ ಇತ್ತಲ್ಲೇ!"

"ಭರಣಿಲಿ ಇದೆ. ಬಡಿಸೋದಿಲ್ಲ." ಅವಳು ಸಮಾಧಾನವಾಗಿ ಇನ್ನೊಂದು ಸೌಟು ಮಜ್ಜಿಗೆ ಹಾಕಿದಳು. "ಅಪ್ಪೆಮಿಡಿ ಎಲ್ಲಿಂದ ಬರ್ತದೆ? ಮೇಲುಕಾನಿಂದ. ಅಲ್ಲಿನ ಮಾವಿನ ಮರ ಕಡಿಸೋರಿಗೆ ಮಿಡಿ ಎಂತಕ್ಕೆ? ಮುಂದೆ ಹೆಂಗೂ ಸಿಗಲ್ಲ, ಈಗಿಂದ್ಲೇ ರೂಢಿ ಮಾಡ್ಕಳಿ."

ಮಲೆನಾಡಿನವನಿಗೆ ಅಪ್ಪೆಮಿಡಿಯಿಲ್ಲದ ಮಜ್ಜಿಗೆ ಅನ್ನವೆಂದರೆ ಮಂಗಳಾರತಿಯಿಲ್ಲದ ಪೂಜೆ. ಪುಟ್ಟಪ್ಪ ಉಂಡೆದ್ದ, ಆದರೆ ಉಂಡ ಹಾಗೆ ಆಗಲಿಲ್ಲ. ಎರಡು ದಿನದಲ್ಲಿ ಸರಿಹೋಗುತ್ತಾಳೆ ಅಂದುಕೊಂಡ. ಅವಳು ಸರಿಹೋಗುವ ಬದಲು ಗುಡ್ಡದ ಒರತೆ ಧುಮುಕುವ ಅಬ್ಬಿಯ ಹತ್ತಿರ ನೀರಿಗೆ ಹೋದಾಗ ಉಳಿದ ಹೆಂಗಸರಿಗೂ ಉಪಾಯ ಹೇಳಿಕೊಟ್ಟಳು. ಭಾನುವಾರದ ಹೊತ್ತಿಗೆ ತಂಡದ ಅಷ್ಟೂ ಮನೆಗಳಲ್ಲಿ ಭರಣಿಯ ಬಾಯಿಗೆ ಬಟ್ಟೆ ಬಿಗಿದಿತ್ತು.

"ಪುಟ್ಟಣ್ಣ, ಬರೀ ಮಜ್ಜಿಗೆ ಅನ್ನ ಉಂಡು ಫಾಸ್ಟ್ ಬೌಲಿಂಗ್ ಆಗಲ್ಲ," ಎಂದ ಶ್ಯಾಮ. ಅವನಿಗೆ ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. "ಹೊಸ ಹೆಂಡ್ತಿ, ಜೋರು ಮಾಡೋ ಹಂಗೂ ಇಲ್ಲ."

ನಾಯಕನಾದವನು ಏನಾದರೂ ಮಾಡಬೇಕು. ಪುಟ್ಟಪ್ಪ ಹೊಸನಗರದಿಂದ ಬಾಟ್ಲಿ ಉಪ್ಪಿನಕಾಯಿ ತಂದ. ಶರಾವತಿ ಮುಚ್ಚಳ ತೆಗೆದು ಮೂಸಿ, ಕೆಂಪಗೆ ಮೇಲೆ ತೇಲುತ್ತಿದ್ದುದನ್ನು ನೋಡಿ, "ಬ್ಯಾಟಿಗೆ ಸವರೋ ಎಣ್ಣೆ ತಂದ್ರಾ?" ಎಂದು ಕೇಳಿದಳು. ಒಂದು ಹೋಳು ಬಾಯಿಗಿಟ್ಟ ಮೇಲೆ ಪುಟ್ಟಪ್ಪನಿಗೂ ಅದು ಬ್ಯಾಟಿಗೇ ಸರಿ ಅನ್ನಿಸಿತು.

ಇಷ್ಟಾದರೂ ಅವನು ನಗುತ್ತಲೇ ಇದ್ದ. ಒಂದು ಸಂಜೆ ಮಾತ್ರ ಶರಾವತಿ ನಗಲಿಲ್ಲ. ತುಂಬಿದ ಕೊಡವನ್ನು ಇಳಿಸಿ, ಬಚ್ಚಲ ಕಟ್ಟೆಯ ಮೇಲೆ ಕೂತು, "ಉಪ್ಪಿನಕಾಯಿ ಹಾಳಾಗಿ ಹೋಗ್ಲಿ. ಈ ಅಬ್ಬಿ ನೀರು ಎಲ್ಲಿಂದ ಬರ್ತದೆ ಅಂತ ಮಾಡಿದ್ರಿ?" ಎಂದು ಕೇಳಿದಳು. "ಮೇಲುಕಾನಿನ ಬುಡದಿಂದ. ಕಾನು ಬೋಳಾದ್ರೆ ಮಾರ್ಚಿಗೇ ಅಬ್ಬಿ ಒಣಗ್ತದೆ. ಒಂದ್ಸಲ ನೀರು ಬಂತು ಅಂತ ಊರು ಬಿಟ್ವಿ. ಇನ್ನೊಂದ್ಸಲ ನೀರಿಲ್ಲ ಅಂತ ಬಿಡಾಣಾ?"

ಮೇಲುಕಾನಿನ ನೆರಳಿಲ್ಲದೆ ಅಬ್ಬಿ ಉಳಿಯದು ಎನ್ನುವುದು ಪುಟ್ಟಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವುದಕ್ಕೆ ಹರಿಹರನ ನಗು ಸಹಾಯ ಮಾಡುತ್ತಿತ್ತು, ಅಷ್ಟೆ.

ಅವನೊಂದು ರಾಜಿ ಹುಡುಕಿದ. ಗಣೇಶಮೂರ್ತಿಯವರನ್ನು ಮತ್ತೆ ಕಾನಿಗೆ ಕರೆದುಕೊಂಡು ಹೋಗಿ, "ಎಲ್ಲಾ ಮರ ಬೇಡ ಸಾರ್. ಬೇಕಾದಷ್ಟೇ ತೆಗೀವ," ಎಂದ. ಇಬ್ಬರೂ ಹೆಜ್ಜೆ ಹಾಕಿ ಅಳೆಯತೊಡಗಿದರು. ಈ ಅಪ್ಪೆಮರ ಶರಾವತಿ ಮಿಡಿ ಕೊಯ್ಯುವುದು, ಬಿಡೋಣ. ಆ ಹೆಬ್ಬಲಸು ಮುದುಕರು ಕೈ ಮುಗಿಯುವುದು, ಬಿಡೋಣ. ಇದರಲ್ಲಿ ಜೇನು ಕಟ್ಟುತ್ತದೆ. ಅದು ಅಬ್ಬಿಯ ನೆತ್ತಿಗೇ ಇದೆ. ಹೀಗೆ ಬಿಡುತ್ತ ಬಿಡುತ್ತ ಹೋಗಿ ಗಣೇಶಮೂರ್ತಿ ನಿಂತು ಲೆಕ್ಕ ಹಾಕಿದರು.

"ಬೌಂಡರಿ ಒಳಗೆ ಹನ್ನೊಂದು ಮರ ಉಳೀತು ಪುಟ್ಟಪ್ಪ. ಫೀಲ್ಡರ್‌ಗಳೇ ಬೇಡ ಬಿಡು."

"ಬೌಲರ್ ಓಡಿ ಬರೋದೆಲ್ಲಿ ಸಾರ್?"

"ಅದೇ. ಬೌಲರಿಗೇ ಜಾಗ ಇಲ್ಲ."

ಇಬ್ಬರೂ ಮಾವಿನ ಬುಡದಲ್ಲಿ ಕೂತರು. ಮೇಲೆ ಗೊಂಚಲು ಗೊಂಚಲು ಮಿಡಿ. ಪುಟ್ಟಪ್ಪನ ಬಾಯಲ್ಲಿ ನೀರೂರಿತು, ಜೊತೆಗೆ ನಾಚಿಕೆಯೂ ಆಯಿತು. "ಅರ್ಜಿ ಸ್ವಲ್ಪ ತಡೀರಿ ಸಾರ್," ಎಂದ. "ನನಗೂ ಕಡಿಸೋಕೆ ಮನಸ್ಸಿಲ್ಲ ಮಾರಾಯ, ಆದ್ರೆ ಮೈದಾನ ಬೇಕು ಅಂದೋನು ನೀನೇ," ಎಂದು ಗಣೇಶಮೂರ್ತಿ ಎದ್ದರು.

ಏಪ್ರಿಲ್ ಬಂತು. ಒಂದು ದಿನ ಎಮ್ಮೆಯೊಂದು ಮೇಯಲು ಹೋದದ್ದು ಹಿಂದಿರುಗಲಿಲ್ಲ. ಹುಡುಕಿಕೊಂಡು ಪುಟ್ಟಪ್ಪ ಗುಡ್ಡದ ಕೆಳಗಿನ ಹಿನ್ನೀರಿನವರೆಗೂ ಇಳಿದ. ಬೇಸಿಗೆಗೆ ನೀರು ಹಿಂದೆ ಸರಿಯುವುದು ಪ್ರತಿ ವರ್ಷದ್ದು, ಅದನ್ನು ಯಾರೂ ನೋಡಲು ಹೋಗುತ್ತಿರಲಿಲ್ಲ. ಆ ವರ್ಷ ಮಾತ್ರ ಬಹಳ ದೂರ ಸರಿದಿತ್ತು. ಒಣಗಿದ ಕೆಸರಿನ ಮೇಲೆ ಎಳೆ ಹುಲ್ಲು ಚಿಗುರಿ, ಕಣ್ಣು ಹೋದಷ್ಟು ದೂರಕ್ಕೆ ಹಸಿರು ಕಂಬಳಿ ಹಾಸಿದ ಹಾಗಿತ್ತು. ಅದರ ನಡುವೆ ಅವನ ಎಮ್ಮೆ ಸುಖವಾಗಿ ಮಲಗಿತ್ತು.

ಪುಟ್ಟಪ್ಪ ಎಮ್ಮೆಯನ್ನು ಮರೆತ. ಜೇಬಿನಿಂದ ಚೆಂಡು ತೆಗೆದು ನೆಲಕ್ಕೆ ಅಪ್ಪಳಿಸಿದ. ಅದು ಪುಟಿದು ನೇರವಾಗಿ ಅವನ ಕೈಗೇ ಬಂತು. ಉರುಳಿಸಿಬಿಟ್ಟ, ಚೆಂಡು ಸ್ವಲ್ಪ ದೂರ ಹೋಗಿ, ಎತ್ತಲೂ ವಾಲದೆ, ನಿಂತಿತು. ಹೊಳೆಗದ್ದೆಯಲ್ಲಿ ಚೆಂಡು ತಾನಾಗಿ ನಿಂತದ್ದನ್ನು ಅವನು ನೋಡಿದ್ದು ಅದೇ ಮೊದಲು.

ಮರುದಿನ ತಂಡವೇ ಕೆಳಗಿಳಿಯಿತು. ಸ್ಟಂಪು ನೆಡುವಷ್ಟರಲ್ಲಿ ಗುಡ್ಡದ ಮೇಲಿಂದ ಕೂಗು ಕೇಳಿಸಿತು. "ಯಾರಾ ಅದು ನನ್ನ ಗದ್ದೆಲಿ?"

ದೊಣ್ಣೆ ಊರಿಕೊಂಡು ಇಳಿದು ಬರುತ್ತಿದ್ದವರು ದುಗ್ಗಪ್ಪ. ಪುಟ್ಟಪ್ಪನಿಗೆ ಸೋದರಮಾವ, ಶರಾವತಿಯ ತಂದೆ. ಮುಳುಗಡೆಯಾದ ಮೇಲೆ ಅವರು ಈ ಕಡೆ ಕಾಲಿಟ್ಟವರಲ್ಲ. ಹೊಸ ಮನೆಯ ಜಗಲಿಯಲ್ಲಿ ಕೂತರೂ ನೀರಿಗೆ ಬೆನ್ನು ಮಾಡಿಯೇ ಕೂರುತ್ತಿದ್ದರು.

"ಮಾವ, ಗದ್ದೆ ಸರ್ಕಾರದ್ದಾಗಿ ಯಾವ ಕಾಲ ಆಯ್ತು," ಎಂದ ಪುಟ್ಟಪ್ಪ.

"ಸರ್ಕಾರ ತಗಂಡಿದ್ದು ನೀರು ನಿಲ್ಸೋಕೆ. ಈಗ ಇಲ್ಲಿ ನೀರಿದ್ಯನಾ? ಇಲ್ಲ. ಹಂಗಾದ್ರೆ ಗದ್ದೆ ನಂದೇ. ಕಿತ್ಕಳಿ ನಿಮ್ಮ ಕಡ್ಡಿ!"

ದೊಣ್ಣೆ ಎತ್ತಿದವರು ಎತ್ತಿದ ಹಾಗೇ ನಿಂತರು. ಅತ್ತ ನೋಡಿದರು, ಇತ್ತ ನೋಡಿದರು. ಚಪ್ಪಲಿ ಕಳಚಿ ಅಂಗಾಲಿನಿಂದ ನೆಲ ಒತ್ತಿದರು. ನಾಲ್ಕು ಹೆಜ್ಜೆ ಹೋಗಿ ಮತ್ತೆ ಒತ್ತಿದರು. ಅವರ ದನಿ ಇಳಿಯಿತು.

"ಪೆದ್ದು ಮುಂಡೇವಾ, ಕಡ್ಡಿ ನೆಟ್ಟಿದ್ದು ಸಸಿಮಡಿ ಮೇಲೆ. ಇಲ್ಲಿ ನೆಲ ಯಾವತ್ತೂ ಮೆತ್ತಗೆ. ಅಗೋ, ಅಲ್ಲಿ ನಮ್ಮ ಕಣ ಇತ್ತು. ಭತ್ತ ಬಡಿದು ಬಡಿದು ಕಲ್ಲಾದ ನೆಲ. ಅಲ್ಲಿ ನೆಡಿ."

ಅಲ್ಲಿ ನೆಟ್ಟರು. ಚೆಂಡು ಮೊಣಕಾಲೆತ್ತರಕ್ಕೆ ಪುಟಿಯುತ್ತಿದ್ದದ್ದು ಎದೆಯೆತ್ತರಕ್ಕೆ ಪುಟಿಯತೊಡಗಿತು. ಶ್ಯಾಮ ಕುಣಿದಾಡಿದ. ದುಗ್ಗಪ್ಪ ಅಂದಿನಿಂದ ದಿನಾ ಇಳಿದು ಬರತೊಡಗಿದರು. ಆಟ ಅರ್ಥವಾಗುವ ಮೊದಲೇ ಅಂಪೈರ್ ಆದರು. ಆದರೆ ಫೀಲ್ಡರು ನಿಲ್ಲುವ ಜಾಗದ ಹೆಸರುಗಳು ಅವರಿಗೆ ಸೇರಲಿಲ್ಲ.

"ಅಲ್ಲಿ ನಿಂತವನಿಗೆ ಎಂತ ಅಂತೀರಿ?"

"ಸಿಲ್ಲಿ ಪಾಯಿಂಟ್, ಮಾವ."

"ಸಿಲ್ಲಿ ಅಂದ್ರೆ?"

"ಪೆದ್ದು ಅಂತ."

"ನನ್ನ ಅಪ್ಪಯ್ಯ ನಟ್ಟಿ ಮಾಡಿದ ಜಾಗಕ್ಕೆ ಪೆದ್ದು ಅಂತೀರಾ? ಅದು ಹಲಸಿನಡಿ. ಆ ಕಡೆದು ಕೋಣನಗುಂಡಿ. ದೂರ ನಿಂತಿದಾನಲ್ಲ ಶ್ಯಾಮ, ಅದು ದೊಡ್ಡಬೈಲು." ಬೌಂಡರಿ ಯಾವುದೆಂಬುದನ್ನೂ ಅವರೇ ತೀರ್ಮಾನಿಸಿದರು. ತಮ್ಮ ಗದ್ದೆಯ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿ ಸುಣ್ಣದ ಗೆರೆ. ಪಕ್ಕದವರ ಗದ್ದೆಗೆ ಹೋದರೆ ನಾಲ್ಕು, ಹಾರಿ ಹೋದರೆ ಆರು.

ಒಂದು ಕಡೆ ಮಾತ್ರ ಅವರ ಮಾತು ನಡೆಯಲಿಲ್ಲ. ಮಜ್ಜಿಗೆ ತಂದಿದ್ದ ಶರಾವತಿ ನೀರಿನ ಕಡೆಯ ಜಲ್ಲಿದಿಬ್ಬದ ಮೇಲೆ ಹಕ್ಕಿಗಳು ಗೂಡಿಲ್ಲದೆ ಬರೀ ಕಲ್ಲಿನ ನಡುವೆ ಮೊಟ್ಟೆ ಇಟ್ಟದ್ದನ್ನು ಕಂಡಳು. ಸುಣ್ಣದ ಬಾಂಡ್ಲಿಯನ್ನು ಗಂಡನ ಕೈಯಿಂದ ಕಿತ್ತುಕೊಂಡು ದಿಬ್ಬವನ್ನು ಹೊರಗೆ ಬಿಟ್ಟು ಗೆರೆ ಎಳೆದಳು.

"ಆ ಕಡೆ ಬೌಂಡರಿ ಗಿಡ್ಡ ಆಯ್ತಲ್ಲೇ," ಎಂದ ಪುಟ್ಟಪ್ಪ.

"ಒಳ್ಳೇದಾಯ್ತು. ನೀವು ಆ ಕಡೆಗೇ ಹೊಡೀರಿ."

ಹೊಸ ಮೈದಾನ ನೋಡಲು ಬಂದ ಗಣೇಶಮೂರ್ತಿಯವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಚೆನ್ನಾಗಿದೆ. ಆದ್ರೆ ಮಳೆಗಾಲದಲ್ಲಿ ಸಾಹೇಬ್ರು ತಪಾಸಣೆಗೆ ಬಂದ್ರೆ ದೋಣಿಲಿ ಕರ್ಕಂಡು ಹೋಗಿ, ಇಗೋ ಸಾರ್, ನಮ್ಮ ಗ್ರೌಂಡು ಇದರ ಕೆಳಗಿದೆ ಅನ್ಲಾ?" ಎಂದರು. ಕಡೆಗೆ ಅವರೇ ದಾರಿ ಕಂಡುಹಿಡಿದರು. ಜಾಗದ ಮಾತೇ ಬೇಡ, ಆಟದ ಸಾಮಾನು ಬರೆಸೋಣ. ಹಾಗೆ ಹೊಳೆಗದ್ದೆಗೆ ಬಂದದ್ದು ಒಂದು ನಾರಿನ ಮ್ಯಾಟು, ಒಂದು ನೆಟ್ಟು, ಎರಡು ಜೊತೆ ಪ್ಯಾಡು. ಮಳೆ ಬಂದರೆ ಸುತ್ತಿಕೊಂಡು ಗುಡ್ಡ ಹತ್ತಬಹುದಾದಂಥ ಸಾಮಾನು. ಮೇಲುಕಾನಿನ ಅರ್ಜಿ ಹರಿದು ಹೋಯಿತು. ಅವತ್ತು ಮಧ್ಯಾಹ್ನ ಪುಟ್ಟಪ್ಪನ ತಟ್ಟೆಗೆ ಒಂದಲ್ಲ, ಮೂರು ಮಿಡಿ ಬಿದ್ದವು.

ಮೇ ತಿಂಗಳ ಕೊನೆಯ ಭಾನುವಾರ ತೀರ್ಥಹಳ್ಳಿಯ ತಂಡ ಬಂದಿಳಿಯಿತು. ಹರಿಹರ ಮೈದಾನ ನೋಡಿ ಟೋಪಿ ತೆಗೆದು ತಲೆ ಕೆರೆದುಕೊಂಡ. ಊರಿಗೆ ಊರೇ ಕೆಳಗಿಳಿದು ಬಂದಿತ್ತು. ಆಚೆ ದಡಕ್ಕೆ ಹೋಗಿ ನೆಲೆಸಿದ್ದ ಹಳೆಯ ಹೊಳೆಗದ್ದೆಯವರೂ ದೋಣಿಯಲ್ಲಿ ಬಂದಿದ್ದರು. ಅವರಲ್ಲೊಬ್ಬರು ಗಿರಿಯಪ್ಪ. ದುಗ್ಗಪ್ಪನವರ ಪಕ್ಕದ ಗದ್ದೆ ಇವರದು. ಇಬ್ಬರಿಗೂ ನಡುವಿನ ಬಾವಿಯೊಂದರ ಮೇಲೆ ವ್ಯಾಜ್ಯವಿದ್ದು, ಸಾಗರದ ಕೋರ್ಟಿನವರೆಗೆ ಹೋಗಿತ್ತು. ತೀರ್ಪು ಬರುವ ಮೊದಲು ನೀರು ಬಂತು. ಆಮೇಲೆ ಜಗಳವಾಡಲು ಜಾಗವೇ ಇಲ್ಲದೆ ಇಬ್ಬರೂ ಮುಖ ನೋಡಿಕೊಂಡಿರಲಿಲ್ಲ. ಈಗ ದುಗ್ಗಪ್ಪ ಒಂದು ತುದಿಗೆ ಅಂಪೈರ್, ಇನ್ನೊಂದು ತುದಿಗೆ ಗಣೇಶಮೂರ್ತಿ. ಗಿರಿಯಪ್ಪ ಸುಣ್ಣದ ಗೆರೆಯಾಚೆ, ತಮ್ಮದೇ ಗದ್ದೆಯಲ್ಲಿ ಕಂಬಳಿ ಹಾಸಿಕೊಂಡು ಕೂತಿದ್ದರು.

ಹೊಳೆಗದ್ದೆ ಮೊದಲು ಆಡಿತು. ಪುಟ್ಟಪ್ಪ ಹೆಂಡತಿಯ ಮಾತಿನಂತೆ ಗಿಡ್ಡ ಬೌಂಡರಿಯ ಕಡೆಗೇ ಹೊಡೆದ. ಚೆಂಡು ಗೆರೆ ದಾಟಿದಾಗಲೆಲ್ಲ ಶರಾವತಿ ದಿಬ್ಬಕ್ಕೆ ಅಡ್ಡ ನಿಂತು ಕಾಲಿನಿಂದ ತಡೆದಳು. ತೀರ್ಥಹಳ್ಳಿಯವರೂ ಕಡಿಮೆಯವರಲ್ಲ. ಸಂಜೆಯ ಹೊತ್ತಿಗೆ ಆಟ ತುದಿಗೆ ಬಂತು. ಒಂದೇ ವಿಕೆಟ್ ಬಾಕಿ, ಗೆಲ್ಲಲು ಐದು ರನ್ ಬೇಕು, ಬ್ಯಾಟು ಹಿಡಿದವನು ಹರಿಹರ.

ಶ್ಯಾಮ ಎಸೆದ. ಹರಿಹರ ಬೀಸಿದ. ಚೆಂಡು ದೊಡ್ಡಬೈಲಿನ ಕಡೆ ಆಕಾಶಕ್ಕೇರಿತು. ಅದರ ಕೆಳಗೆ ಪುಟ್ಟಪ್ಪ ಮುಖ ಮೇಲೆ ಮಾಡಿ ಹಿಂದೆ ಹಿಂದೆ ಓಡಿದ. ಸುಣ್ಣದ ಗೆರೆ ಹತ್ತಿರ ಬಂತು, ಅವನು ಕೈ ಚಾಚಿದ, ಮತ್ತು ಊರೆಲ್ಲ ನೋಡುತ್ತಿದ್ದಂತೆ ಮಾಯವಾದ.

ಆಮೇಲೆ ನೆಲದಿಂದ ಒಂದು ಕೈ ಮೇಲೆ ಬಂತು. ಕೈಯಲ್ಲಿ ಚೆಂಡು.

"ಅಯ್ಯೋ, ನಮ್ಮ ಬಾವಿ!" ಎಂದು ದುಗ್ಗಪ್ಪ ಹಣೆ ಚಚ್ಚಿಕೊಂಡು ಓಡಿದರು. "ಮರ್ತೇ ಹೋಗಿತ್ತಲ್ಲಾ!"

ಹೂಳು ತುಂಬಿ ಮೇಲೆ ಹುಲ್ಲು ಬೆಳೆದಿದ್ದ ಹಳೆಯ ಬಾವಿಯದು. ಪುಟ್ಟಪ್ಪ ಎದೆಮಟ್ಟದ ಕೆಸರಿನಲ್ಲಿ ನಿಂತಿದ್ದ. ಮೈ ಎಲ್ಲೂ ನೊಂದಿರಲಿಲ್ಲ. ಅದು ಖಾತ್ರಿಯಾದ ಕೂಡಲೆ ದುಗ್ಗಪ್ಪ ಬೆರಳೆತ್ತಿದರು. "ಔಟ್!"

"ಎಂತದಾ ಔಟು?" ಕಂಬಳಿಯಿಂದ ಗಿರಿಯಪ್ಪ ಎದ್ದರು. "ಬಾವಿಲಿ ಅರ್ಧ ನಂದು. ನಿನ್ನಳಿಯ ನಿಂತಿರೋದು ನನ್ನ ಅರ್ಧದಲ್ಲಿ. ನನ್ನ ಗದ್ದೆ ಅಂದ್ರೆ ಬೌಂಡರಿ ಆಚೆ. ಆರು ರನ್ನು!"

"ಬಾವಿ ಪೂರ್ತಿ ನಂದು. ತೋಡ್ಸಿದ್ದು ನನ್ನ ಅಪ್ಪಯ್ಯ."

"ಕಲ್ಲು ಕಟ್ಸಿದ್ದು ಯಾರ ಅಪ್ಪಯ್ಯ?"

ಹರಿಹರ ಗಣೇಶಮೂರ್ತಿಯವರ ಕಡೆ ತಿರುಗಿದ. "ನೀವು ಹೇಳಿ ಸಾರ್. ನೀವೂ ಅಂಪೈರೇ ಅಲ್ವಾ."

"ನಾನು ರೆವಿನ್ಯೂದವನಲ್ಲ ಮಾರಾಯ," ಎಂದು ಗಣೇಶಮೂರ್ತಿ ಕೈ ಮುಗಿದರು.

ಮುದುಕರಿಬ್ಬರೂ ಬಾವಿಯ ಸುತ್ತ ಸುತ್ತಿದರು. ಹಗ್ಗ ತರಿಸಿದರು, ಹಗ್ಗ ಹಿಡಿಯುವುದು ಯಾವ ಕಲ್ಲಿನಿಂದ ಎಂದು ಮತ್ತೆ ಶುರುವಾಯಿತು. ಇಪ್ಪತ್ತು ವರ್ಷ ಕಟ್ಟಿಟ್ಟಿದ್ದ ಬೈಗುಳಗಳೆಲ್ಲ ಮುಕ್ಕಾಗದೆ ಹೊರಗೆ ಬಂದವು. ಅವರ ಮುಖ ನೋಡಿದರೆ ಇಬ್ಬರಿಗೂ ಹತ್ತು ವರ್ಷ ವಯಸ್ಸು ಇಳಿದಂತಿತ್ತು. ನಡುವೆ ಕೆಸರಿನಲ್ಲಿ ನಿಂತ ಪುಟ್ಟಪ್ಪನ ನೆನಪು ಯಾರಿಗೂ ಆಗಲಿಲ್ಲ. ಕಡೆಗೆ ಬ್ಯಾಟು ಚಾಚಿ ಅವನನ್ನು ಮೇಲಕ್ಕೆಳೆದವನು ಹರಿಹರನೇ. ಎಳೆಯುವಾಗ ಅವನ ಬಿಳೀ ಪ್ಯಾಂಟು ಸೊಂಟದವರೆಗೆ ಕೆಂಪಾಯಿತು.

"ಬಸ್ಸಿನ ಹೊತ್ತಾಯ್ತು ಪುಟ್ಟಪ್ಪಗೌಡ್ರೆ," ಎಂದ ಹರಿಹರ, ಕೆಸರು ಒರೆಸಿಕೊಳ್ಳುತ್ತ. "ಈ ಬಾವಿ ತೀರ್ಮಾನ ಆಗದೆ ಮ್ಯಾಚೂ ತೀರ್ಮಾನ ಆಗಲ್ಲ. ಬರೋ ವರ್ಷ ನೀರು ಇಳಿದ ಕೂಡ್ಲೆ ಹೇಳಿ ಕಳಿಸಿ. ಇಂಥಾ ಗ್ರೌಂಡು ನಮ್ಮ ತೀರ್ಥಹಳ್ಳಿಲೂ ಇಲ್ಲ."

ತೀರ್ಥಹಳ್ಳಿಯವರು ಹೊರಟರು. ಗುಡುಗು ಕೇಳಿಸಿ ಜನವೂ ಗುಡ್ಡ ಹತ್ತಿದರು. ದುಗ್ಗಪ್ಪ ಮತ್ತು ಗಿರಿಯಪ್ಪ ಮಾತ್ರ ಒಂದೇ ಕಂಬಳಿಯ ಮೇಲೆ ಕೂತು, ಒಂದೇ ಸಂಚಿಯಿಂದ ಎಲೆಯಡಿಕೆ ಹಾಕಿಕೊಳ್ಳುತ್ತ ಜಗಳ ಮುಂದುವರಿಸಿದ್ದರು.

ಸುತ್ತಿದ ಮ್ಯಾಟಿನ ಒಂದು ತುದಿ ಪುಟ್ಟಪ್ಪನ ಹೆಗಲ ಮೇಲೆ, ಇನ್ನೊಂದು ಶರಾವತಿಯ ಹೆಗಲ ಮೇಲೆ. ಅರ್ಧ ಏರು ಹತ್ತಿದ ಮೇಲೆ ಅವಳು ಹಿಂದಿನಿಂದ ಕೇಳಿದಳು.

"ಎಲ್ಲಾರೂ ಬಾವಿ ಯಾರದ್ದು ಅಂತ ಕೇಳಿದ್ರು. ನಿಮ್ಮನ್ನ ಯಾರೂ ಕೇಳ್ಲೇ ಇಲ್ಲ. ನಿಜ ಹೇಳಿ, ಕ್ಯಾಚು ಹಿಡಿದ್ರಾ?"

ಪುಟ್ಟಪ್ಪ ನಿಂತ. ಸುತ್ತ ನೋಡಿದ. ಹತ್ತಿರದಲ್ಲಿ ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ.

"ಮೊದಲು ಬಿದ್ದಿದ್ದು ನಾನು. ಆಮೇಲೆ ಚೆಂಡು ಬಿತ್ತು, ನನ್ನ ತಲೆ ಮೇಲೆ. ಅಲ್ಲಿಂದ ಕೆಸರಿಗೆ ಹೋಯ್ತು. ತಡಕಿ ತೆಗ್ದೆ."

ಶರಾವತಿಗೆ ಬಂದ ನಗುವಿಗೆ ಮ್ಯಾಟು ಅವಳ ಹೆಗಲಿಂದ ಜಾರಿ, ಬಿಚ್ಚಿಕೊಳ್ಳುತ್ತ ಇಳಿಜಾರಿನಲ್ಲಿ ಉರುಳತೊಡಗಿತು. "ಹಿಡೀರಿ, ಇದನ್ನಾದ್ರೂ ಹಿಡೀರಿ!" ಎಂದು ಅವಳು ಕೂಗಿದಳು, ಪುಟ್ಟಪ್ಪ ಅದರ ಹಿಂದೆ ಓಡಿದ.